ರುರಿಕ್‌ನನ್ನು ಕರೆದವರು ಯಾರು? ರಷ್ಯಾದ ಆದಿಕಾಲದಲ್ಲಿ ವೈಕಿಂಗರ ಪಾಲು

ತುಂಗಾತೀರ

ಕೀವ್ ನಗರದಲ್ಲಿ 12ನೇ ಶತಮಾನದ ಆರಂಭದಲ್ಲಿ ಸಿದ್ಧವಾದ, ನೆಸ್ತೊರ್ ಎಂಬ ಸನ್ಯಾಸಿಯ ಹೆಸರಿನೊಂದಿಗೆ ರೂಢಿಯಲ್ಲಿ ತಳುಕು ಹಾಕಿಕೊಂಡಿರುವ ಪ್ರಾಚೀನ ವೃತ್ತಾಂತದಲ್ಲಿ 862ನೇ ಇಸವಿಯ ಕೆಳಗೆ ಬರುವ ಪ್ರಸಂಗವನ್ನು ಇಲ್ಲಿ ಅನೇಕರು ಓದಿರಬಹುದು. ಉತ್ತರದ ಸ್ಲಾವ್ ಮತ್ತು ಫಿನ್ನಿಕ್ ಬುಡಕಟ್ಟುಗಳು ತಮ್ಮಿಂದ ಕಪ್ಪ ವಸೂಲು ಮಾಡುತ್ತಿದ್ದ ವರ್ಯಾಗರನ್ನು, ಅಂದರೆ ವೈಕಿಂಗರನ್ನು, ಕಡಲಾಚೆಗೆ ಓಡಿಸುತ್ತವೆ. ಆಮೇಲೆ ತಮ್ಮತಮ್ಮಲ್ಲೇ ಕುಲಕ್ಕೆ ಕುಲ ತಿರುಗಿಬಿದ್ದು ಹೊಡೆದಾಡುತ್ತವೆ. ಕೊನೆಗೆ ಅದೇ ಕಡಲಾಚೆಗೆ ಹೋಗಿ, "ನಮ್ಮ ನಾಡು ದೊಡ್ಡದು, ಸಮೃದ್ಧವಾದದ್ದು, ಆದರೆ ಅದರಲ್ಲಿ ಕ್ರಮವೆಂಬುದಿಲ್ಲ, ಬಂದು ನಮ್ಮನ್ನು ಆಳಿರಿ" ಎಂದು ಬೇಡಿಕೊಳ್ಳುತ್ತವೆ. ಆಗ ರುರಿಕ್, ಸಿನೆಯುಸ್, ತ್ರುವೊರ್ ಎಂಬ ಮೂವರು ಅಣ್ಣತಮ್ಮಂದಿರು ತಮ್ಮ ಬಳಗವಾದ 'ರುಸ್' ಜನರೊಂದಿಗೆ ಬಂದು ನೆಲೆಸಿದರೆಂದೂ, ಅವರಿಂದಲೇ ಆ ನಾಡಿಗೆ ರುಸ್ ಎಂಬ ಹೆಸರು ಬಂತೆಂದೂ ವೃತ್ತಾಂತ ಹೇಳುತ್ತದೆ.

ನನ್ನ ಪ್ರಶ್ನೆ ಇದು. ಓಡಿಸಿದವರನ್ನೇ ಮತ್ತೆ ಕರೆದು ಗದ್ದುಗೆಯ ಮೇಲೆ ಕೂರಿಸಿದರೆಂಬ ಈ ಕಥೆಯಲ್ಲಿ ಇತಿಹಾಸ ಎಷ್ಟು, ಆಳುವ ವಂಶವೊಂದು ತನ್ನ ಹಕ್ಕನ್ನು ಸಮರ್ಥಿಸಿಕೊಳ್ಳಲು ಬರೆಸಿಕೊಂಡದ್ದು ಎಷ್ಟು? ರಷ್ಯಾ ಎಂಬ ಹೆಸರೇ ಸ್ವೀಡನ್ ಕಡೆಯಿಂದ ಬಂದದ್ದೆಂದು ಹೇಳುವವರ ಬಳಿ ಈ ವೃತ್ತಾಂತದ ಹೊರಗೆ ಬೇರೆ ಆಧಾರವಿದೆಯೇ?

ಅಕ್ಷರಪ್ರೇಮಿ

ಆಧಾರವಿದೆ, ಮತ್ತು ಅದರಲ್ಲಿ ಮುಖ್ಯವಾದದ್ದು ವೃತ್ತಾಂತಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. 839ರಲ್ಲಿ ಬೈಜಾಂಟಿಯಮ್ ಚಕ್ರವರ್ತಿ ಥಿಯೊಫಿಲೋಸ್ ಫ್ರಾಂಕರ ದೊರೆ ಲೂಯಿಯ ಬಳಿಗೆ ಕಳುಹಿಸಿದ ದೂತರ ಜೊತೆಯಲ್ಲಿ, ತಮ್ಮನ್ನು 'ರೋಸ್' ಎಂದು ಕರೆದುಕೊಳ್ಳುವ ಕೆಲವರು ಇಂಗೆಲ್‌ಹೈಮ್‌ಗೆ ಬರುತ್ತಾರೆ. ತಮ್ಮ ದೊರೆಯ ಬಿರುದು ಖಾಗಾನ್ ಎಂದು ಅವರು ಹೇಳಿಕೊಳ್ಳುತ್ತಾರೆ. ಲೂಯಿಗೆ ಅನುಮಾನ ಬಂದು ವಿಚಾರಿಸಿದಾಗ ಅವರು ಸ್ವೀಡರ ಕುಲದವರೆಂದು ತಿಳಿಯಿತೆಂದು ಫ್ರಾಂಕರ ಆಸ್ಥಾನದ ವಾರ್ಷಿಕ ದಾಖಲೆಯಲ್ಲಿ ಬರೆದಿದೆ. ಇವರು ಬಂದದ್ದು ರುರಿಕ್‌ನ ಆಗಮನಕ್ಕೆ ವೃತ್ತಾಂತ ಕೊಡುವ ಇಸವಿಗಿಂತ 23 ವರ್ಷ ಮೊದಲು ಎಂಬುದನ್ನೂ, ಸ್ವೀಡರು ತಮ್ಮ ದೊರೆಗೆ ಹುಲ್ಲುಗಾವಲಿನ ತುರ್ಕಿ ಜನರಾದ ಖಜಾರರ ಬಿರುದನ್ನು ಹಚ್ಚಿಕೊಂಡಿದ್ದರೆಂಬುದನ್ನೂ ಮರೆಯಬಾರದು.

ಇನ್ನು ಪದದ ವಿಚಾರ. ಫಿನ್ನಿಷ್ ಭಾಷೆಯಲ್ಲಿ ಇಂದಿಗೂ ಸ್ವೀಡನ್ನಿಗೆ 'ರುವೊತ್ಸಿ' ಎಂದೇ ಹೆಸರು. ಎಸ್ಟೋನಿಯನ್ನರು 'ರೋತ್ಸಿ' ಎನ್ನುತ್ತಾರೆ. ಈ ಪದದ ಬೇರು ಹುಟ್ಟು ಹಾಕುವುದು, ದೋಣಿ ನಡೆಸುವುದು ಎಂಬ ಅರ್ಥದ ಹಳೆಯ ನಾರ್ಸ್, ಅಂದರೆ ಪ್ರಾಚೀನ ಸ್ಕಾಂಡಿನೇವಿಯನ್ ಭಾಷೆಯ, ಧಾತುವಿನಲ್ಲಿದೆ ಎಂದು ಬಹುತೇಕ ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ಫಿನ್ನರು ತಮ್ಮನ್ನು 'ಸುವೊಮಿ' ಎಂದರೆ ಸ್ಲಾವರ ಬಾಯಲ್ಲಿ ಅದು 'ಸುಮ್' ಆಯಿತು. ಅದೇ ಜಾಡಿನಲ್ಲಿ 'ರುವೊತ್ಸಿ' ಎಂಬುದು 'ರುಸ್' ಆಯಿತು. ವೃತ್ತಾಂತದಲ್ಲಿ ಚೂದ್, ವೆಸ್ ಎಂದು ಉತ್ತರದ ಫಿನ್ನಿಕ್ ಜನಗಳಿಗೆ ಬಳಸಿದ ಸಮೂಹವಾಚಕ ರೂಪವೇ ರುಸ್ ಎಂಬುದರಲ್ಲೂ ಇರುವುದರಿಂದ, ಸ್ಲಾವರು ಈ ಹೆಸರನ್ನು ತಮ್ಮ ಫಿನ್ನಿಕ್ ನೆರೆಯವರಿಂದ ಕೇಳಿ ತಿಳಿದರೆಂದು ಊಹಿಸಲು ಅಡ್ಡಿಯಿಲ್ಲ.

ನನಗೆ ಅತ್ಯಂತ ಪ್ರಿಯವಾದ ಸಾಕ್ಷ್ಯ ಮಾತ್ರ ಬೇರೆಯೇ. ಸುಮಾರು 950ರಲ್ಲಿ ಬೈಜಾಂಟಿಯಮ್ ಚಕ್ರವರ್ತಿ ಏಳನೆಯ ಕಾನ್‌ಸ್ಟಾಂಟೈನ್ ತನ್ನ ಮಗನಿಗಾಗಿ ಸಿದ್ಧಪಡಿಸಿದ ರಾಜ್ಯಾಡಳಿತದ ಕೈಪಿಡಿಯಲ್ಲಿ, ಡ್ನೀಪರ್ ನದಿಯ ಬಂಡೆಗಳ ನಡುವೆ ನೀರು ಧುಮ್ಮಿಕ್ಕುವ ಜಾಗಗಳ ಹೆಸರುಗಳನ್ನು 'ರುಸ್ ಭಾಷೆಯಲ್ಲಿ ಹೀಗೆ, ಸ್ಲಾವ್ ಭಾಷೆಯಲ್ಲಿ ಹೀಗೆ' ಎಂದು ಜೋಡಿಜೋಡಿಯಾಗಿ ಕೊಟ್ಟಿದ್ದಾನೆ. ಒಂದು ಜಾಗಕ್ಕೆ ರುಸ್ ಹೆಸರು 'ಉಲ್ವೊರ್ಸಿ', ಸ್ಲಾವ್ ಹೆಸರು 'ಒಸ್ತ್ರೊವುನಿಪ್ರಾಖ್'. ಮೊದಲನೆಯದರಲ್ಲಿ ನಾರ್ಸ್‌ನ 'ಹೋಲ್ಮ್', ಎರಡನೆಯದರಲ್ಲಿ ಸ್ಲಾವ್‌ನ 'ಒಸ್ತ್ರೊವ್'. ಎರಡರ ಅರ್ಥವೂ ನಡುಗಡ್ಡೆ. ಇನ್ನೊಂದು ಜಾಗದ ಎರಡು ಹೆಸರುಗಳಲ್ಲೂ ಅಲೆ ಎಂಬ ಅರ್ಥದ ಪದವಿದೆ. 'ಗೆಲಾಂದ್ರಿ' ಎಂದರೆ ಭೋರ್ಗರೆಯುವುದು. ಗ್ರೀಕ್ ಲಿಪಿಯಲ್ಲಿ ಕಿವಿಗೆ ಬಿದ್ದಂತೆ ಬರೆದಿಟ್ಟ ಈ ಪದಗಳು ಹಳೆಯ ನಾರ್ಸ್ ಎಂಬುದನ್ನು ಅಲ್ಲಗಳೆಯುವುದು ಬಹಳ ಕಷ್ಟ. 10ನೇ ಶತಮಾನದ ನಡುವಿನಲ್ಲಿ 'ರುಸ್ ಭಾಷೆ' ಎಂದರೆ ಸ್ಲಾವ್ ಅಲ್ಲದ ಬೇರೊಂದು ಭಾಷೆಯಾಗಿತ್ತೆಂಬುದಕ್ಕೆ ಇಷ್ಟು ಸಾಕೆಂದು ನನ್ನ ಅಭಿಪ್ರಾಯ.

ಸಂಶಯಜೀವಿ

ಅಕ್ಷರಪ್ರೇಮಿಯವರು ಕೊಟ್ಟ ಆಧಾರಗಳನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅವುಗಳಿಂದ 'ವೈಕಿಂಗರು ರಷ್ಯಾವನ್ನು ಕಟ್ಟಿದರು' ಎಂಬ ತೀರ್ಮಾನಕ್ಕೆ ನೆಗೆಯುವವರ ಬಗ್ಗೆ ನನ್ನ ತಕರಾರಿದೆ.

ಮೊದಲನೆಯದಾಗಿ, ಕರೆದು ಆಳಿಸಿಕೊಂಡ ಕಥೆ ಬೇರೆಡೆಯೂ ಇದೆ. ಬ್ರಿಟನ್ನರು ಸ್ಯಾಕ್ಸನ್ನರ ಬಳಿಗೆ ಹೋಗಿ ತಮ್ಮ ವಿಶಾಲವೂ ಸಮೃದ್ಧವೂ ಆದ ನಾಡನ್ನು ಒಪ್ಪಿಸಿದರೆಂದು 10ನೇ ಶತಮಾನದ ಸ್ಯಾಕ್ಸನ್ ಚರಿತ್ರಕಾರ ವಿದುಕಿಂಡ್ ಬರೆದ ಮಾತುಗಳು, ರುರಿಕ್‌ನನ್ನು ಕರೆದ ಉತ್ತರದ ನವ್ಗೊರೊದಿನವರು ಆಡಿದರೆನ್ನುವ ಮಾತುಗಳಿಗೆ ಅಚ್ಚರಿ ಹುಟ್ಟಿಸುವಷ್ಟು ಹತ್ತಿರವಾಗಿವೆ. ಮೂವರು ಅಣ್ಣತಮ್ಮಂದಿರು ಬಂದು, ಇಬ್ಬರು ಎರಡೇ ವರ್ಷದಲ್ಲಿ ತೀರಿಕೊಂಡು, ಎಲ್ಲವೂ ಹಿರಿಯವನ ಕೈಗೆ ಬರುವುದು ಜನಪದ ಕಥೆಯ ಹದ. ರುರಿಕ್ ಮೊದಲು ನೆಲೆಸಿದ ಊರು ಯಾವುದೆಂಬುದರಲ್ಲೇ ಹಸ್ತಪ್ರತಿಗಳಿಗೆ ಒಮ್ಮತವಿಲ್ಲ. ಕೆಲವು ನವ್ಗೊರೊದ್ ಎನ್ನುತ್ತವೆ, ಇಪಾತಿಯೆವ್ ಪ್ರತಿಯ ಪರಂಪರೆ ಲಾದೊಗಾ ಎನ್ನುತ್ತದೆ. ನಮಗೆ ಉಳಿದಿರುವ ಅತ್ಯಂತ ಹಳೆಯ ಪ್ರತಿಯಾದ ಲವ್ರೆಂತಿಯ ನಕಲು 1377ರದು, ಅಂದರೆ ಘಟನೆಗೆ ಐನೂರು ವರ್ಷ ಈಚೆಗಿನದು.

ಎರಡನೆಯದಾಗಿ, ಸಾಲಪದಗಳನ್ನು ನೋಡಿ. ನಾರ್ಮನ್ನರು ಗೆದ್ದ ಇಂಗ್ಲೆಂಡಿನ ಭಾಷೆಗೆ ಫ್ರೆಂಚ್ ಪದಗಳು ಸಾವಿರಗಟ್ಟಲೆ ನುಗ್ಗಿದವು. ರಷ್ಯನ್ನಿಗೆ ನಾರ್ಸ್‌ನಿಂದ ಬಂದದ್ದು ಬೆರಳೆಣಿಕೆಗಿಂತ ತುಸು ಹೆಚ್ಚು: ಚಾವಟಿಗೆ 'ಕ್ನುತ್', ಲಂಗರಿಗೆ 'ಯಾಕೊರ್', ಪೆಟ್ಟಿಗೆಗೆ 'ಲಾರ್', ದೊರೆಯ ಅಧಿಕಾರಿಗೆ 'ತಿಯುನ್', ಹೀಗೆ ಒಂದಿಷ್ಟು. ಆಳುವವರ ಭಾಷೆ ನೆಲದ ಭಾಷೆಯ ಮೇಲೆ ಇಷ್ಟು ತೆಳುವಾದ ಗುರುತು ಬಿಟ್ಟು ಹೋಗುವುದಾದರೆ ಆ ಆಳ್ವಿಕೆಯ ಸ್ವರೂಪವೇನೆಂದು ಕೇಳಬೇಕಾಗುತ್ತದೆ.

ಮೂರನೆಯದಾಗಿ ದೇವರು. ವೃತ್ತಾಂತದ ಪ್ರಕಾರ 907ರಲ್ಲಿ ಓಲೆಗ್‌ನ ಜನರು ಗ್ರೀಕರ, ಅಂದರೆ ಬೈಜಾಂಟಿಯಮ್‌ನವರ, ಎದುರಿಗೆ ಆಣೆಯಿಟ್ಟದ್ದು ತಮ್ಮ ಆಯುಧಗಳ ಮೇಲೆ, ಪೆರುನ್ ಮತ್ತು ವೊಲೊಸ್ ಎಂಬ ಸ್ಲಾವ್ ದೇವರುಗಳ ಮೇಲೆ. ನಾರ್ಸ್ ದೇವರುಗಳಾದ ಓಡಿನ್ ಎಲ್ಲಿ, ಥೋರ್ ಎಲ್ಲಿ? ಅರಬ್ ಲೇಖಕ ಇಬ್ನ್ ಖುರ್ದಾಜ್‌ಬೇಹ್ ಕೂಡ ರುಸ್ ವರ್ತಕರನ್ನು ಸಖಾಲಿಬ, ಅಂದರೆ ಸ್ಲಾವರ ಒಂದು ಬಗೆ ಎಂದೇ ಗುರುತಿಸುತ್ತಾನೆ.

ನಾಣ್ಯಸಂಗ್ರಾಹಕ

ಸಂಶಯಜೀವಿಯವರೇ, ತಾವು ಹೆಸರಿಸಿದ ಇಬ್ನ್ ಖುರ್ದಾಜ್‌ಬೇಹ್‌ನಿಂದಲೇ ನಾನು ಆರಂಭಿಸುತ್ತೇನೆ. ಕನ್ನಡಿಗರಿಗೆ ಇವನು ಅಪರಿಚಿತನಲ್ಲ; ಹಿಂದ್ ದೇಶದ ದೊರೆಗಳಲ್ಲೆಲ್ಲ ಹಿರಿಯನೆಂದು ಇವನು ಹೇಳುವ 'ಬಲ್ಹರಾ' ನಮ್ಮ ರಾಷ್ಟ್ರಕೂಟರ ವಲ್ಲಭರಾಜ. ಮಾನ್ಯಖೇಟದ ದೊರೆಯ ಸುದ್ದಿಯೂ, ನರಿಯ ತುಪ್ಪಳ ಮತ್ತು ಕತ್ತಿಗಳನ್ನು ಹೊತ್ತು ತಿರುಗುವ ಉತ್ತರದ ದೋಣಿಕಾರರ ಸುದ್ದಿಯೂ ಒಂದೇ ಪುಸ್ತಕಕ್ಕೆ ಬಂದು ಸೇರಿದ್ದು ಅಬ್ಬಾಸಿ ಖಲೀಫರ ಕಾಲದ ವ್ಯಾಪಾರದ ಜಾಲದಿಂದಾಗಿ. ಆ ಜಾಲವನ್ನು ಬಿಟ್ಟು ರುಸ್ ಯಾರೆಂದು ಕೇಳುವುದು ವ್ಯರ್ಥವೆಂದೇ ನಾನು ಹೇಳುವುದು.

ವೋಲ್ಖೊವ್ ನದಿಯ ದಂಡೆಯ ಸ್ತಾರಯಾ ಲಾದೊಗಾದಲ್ಲಿ ಸಿಕ್ಕ ಮರದ ತೊಲೆಗಳ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಿದಾಗ ಅಲ್ಲಿಯ ಮೊದಲ ಕಟ್ಟಡಗಳು 753ರ ಹೊತ್ತಿನವೆಂದು ತಿಳಿದುಬಂದಿತು. ಅಂದರೆ ರುರಿಕ್‌ಗೆ ನೂರು ವರ್ಷ ಮೊದಲೇ, ಕಡಲಿನಿಂದ ಒಳನಾಡಿನ ನದಿಗಳಿಗೆ ತಿರುಗಿಕೊಳ್ಳುವ ಮೂಲೆಯಲ್ಲಿ ಸ್ಕಾಂಡಿನೇವಿಯದ ಕಮ್ಮಾರರೂ ವರ್ತಕರೂ ಕಾಲೂರಿದ್ದರು. ಅವರನ್ನು ಎಳೆದು ತಂದದ್ದು ಬೆಳ್ಳಿ. ಖಲೀಫರ ಟಂಕಸಾಲೆಗಳಿಂದ ಹೊರಟ ದಿರ್ಹಮ್ ನಾಣ್ಯಗಳು ತುಪ್ಪಳ, ಜೇನುಮೇಣ, ಕತ್ತಿ ಮತ್ತು ಗುಲಾಮರಿಗೆ ಬದಲಾಗಿ ವೋಲ್ಗಾ ದಾರಿಯಲ್ಲಿ ಉತ್ತರಕ್ಕೆ ಹರಿದವು. ಸ್ವೀಡನ್ನಿನ ಗೊಟ್ಲ್ಯಾಂಡ್ ದ್ವೀಪದ ಸ್ಪಿಲಿಂಗ್ಸ್ ಎಂಬಲ್ಲಿ 1999ರಲ್ಲಿ ಸಿಕ್ಕ ಒಂದೇ ನಿಧಿಯಲ್ಲಿ 67 ಕಿಲೋ ಬೆಳ್ಳಿಯಿತ್ತು. ಅದರಲ್ಲಿ 14,000ಕ್ಕೂ ಹೆಚ್ಚು ನಾಣ್ಯಗಳು, ಬಹುಪಾಲು ಅರಬ್ಬರವು. ಪೀಟರ್‌ಹೋಫ್ ಬಳಿ ಸಿಕ್ಕ 9ನೇ ಶತಮಾನದ ಆರಂಭದ ಇನ್ನೊಂದು ಸಣ್ಣ ನಿಧಿಯ ದಿರ್ಹಮ್‌ಗಳ ಮೇಲೆ ಯಾರೋ ಗೀಚಿದ ಬರಹಗಳಿವೆ: ಸ್ಕಾಂಡಿನೇವಿಯದ ರೂನ್ ಲಿಪಿ, ಗ್ರೀಕ್, ಅರಬ್ಬಿ, ಜೊತೆಗೆ ತುರ್ಕಿ ರೂನ್‌ಗಳು. ಕೈಯಿಂದ ಕೈಗೆ ದಾಟಿದ ಹಣದ ಮೇಲೆ ದಾಟಿಸಿದವರ ಗುರುತು ಇದಕ್ಕಿಂತ ಸ್ಪಷ್ಟವಾಗಿ ಸಿಗುವುದು ಅಪರೂಪ.

ಗುಲಾಮರೆಂಬ ಪದವನ್ನು ಮೇಲೆ ಸಾಲಿನ ಕೊನೆಯಲ್ಲಿ ಬರೆದೆ, ನಿಜಕ್ಕೂ ಮೊದಲು ಬರೆಯಬೇಕಿತ್ತು. ಕಪ್ಪ ಕೊಡದ ಹಳ್ಳಿಗಳಿಂದ ಹಿಡಿದು ತಂದ ಸ್ಲಾವರೇ ಆ ವ್ಯಾಪಾರದ ಸರಕಾಗಿದ್ದರು. 'ಬಂದು ನಮ್ಮನ್ನು ಆಳಿರಿ' ಎಂಬ ವಾಕ್ಯವನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಸ್ಮೊಲೆನ್ಸ್ಕ್ ಹತ್ತಿರದ ಗ್ನ್ಯೊಜ್ದೊವೊದಲ್ಲಿ ಸಾವಿರಾರು ಸಮಾಧಿ ದಿಬ್ಬಗಳಿವೆ. ಉತ್ತರದ ನದಿಗಳಿಂದ ದೋಣಿಗಳನ್ನು ನೆಲದ ಮೇಲೆ ಎಳೆದು ಡ್ನೀಪರ್‌ಗೆ ಇಳಿಸುವ ಜಾಗ ಅದು. ಅಲ್ಲಿಯ ಕೆಲವು ಹೆಂಗಸರ ಸಮಾಧಿಗಳಲ್ಲಿ ಸ್ವೀಡನ್ನಿನ ಹೆಂಗಸರು ಭುಜಪಟ್ಟಿಗೆ ಜೋಡಿಯಾಗಿ ಧರಿಸುತ್ತಿದ್ದ ಅಂಡಾಕಾರದ ಕಂಚಿನ ಪದಕಗಳು ಸಿಕ್ಕಿವೆ. ಕೂಲಿ ಸೈನಿಕರು ಮಾತ್ರ ಬಂದಿದ್ದರೆ ಈ ಒಡವೆಗಳು ಅಲ್ಲಿರುತ್ತಿರಲಿಲ್ಲ, ಸಂಸಾರಗಳು ಬಂದಿದ್ದವು. ಅದೇ ನೆಲೆಯ 10ನೇ ಶತಮಾನದ ಒಂದು ಸಮಾಧಿಯಲ್ಲಿ ಸಿಕ್ಕ ಮಡಕೆಯ ಮೇಲೆ ಸಿರಿಲಿಕ್ ಲಿಪಿಯ ಒಂದು ಸ್ಲಾವ್ ಪದವಿದೆ. ಅದನ್ನು ಸಾಸಿವೆ ಎಂದು ಓದಬೇಕೋ, ಯಾರದೋ ಹೆಸರೆಂದು ಓದಬೇಕೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ.

ಸಂಶಯಜೀವಿ

ಗುಲಾಮರ ಮಾತನ್ನು ಎತ್ತಿದ್ದಕ್ಕೆ ಕೃತಜ್ಞತೆಗಳು. ಹಾಗಾದರೆ ಅದು ರಾಜ್ಯವಾಗಿರಲಿಲ್ಲ, ಕಪ್ಪ ಕಸಿಯುವ ವರ್ತಕರ ಕೂಟವಾಗಿತ್ತು ಎಂದು ತಾವು ಒಪ್ಪಿದಂತಾಯಿತು.

ನಾಣ್ಯಸಂಗ್ರಾಹಕ

ಆರಂಭದಲ್ಲಿ ಹೌದು. ಚಕ್ರವರ್ತಿ ಕಾನ್‌ಸ್ಟಾಂಟೈನ್ ಬರೆಯುವಂತೆ, ರುಸ್ ದೊರೆಗಳು ನವೆಂಬರ್‌ನಲ್ಲಿ ಪರಿವಾರಸಮೇತ ಕೀವ್‌ನಿಂದ ಹೊರಟು ಚಳಿಗಾಲವಿಡೀ ಸ್ಲಾವ್ ಹಳ್ಳಿಗಳಲ್ಲಿ ಉಂಡುಟ್ಟು ಕಪ್ಪ ಎತ್ತುತ್ತಿದ್ದರು. ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಮರಳಿ ಬಂದು, ಸ್ಲಾವರು ಕಡಿದು ತಂದ ಒಂಟಿಮರದ ದೋಣಿಗಳನ್ನು ಕೊಂಡು ಕಾನ್‌ಸ್ಟಾಂಟಿನೋಪಲ್‌ಗೆ ಹೊರಡುತ್ತಿದ್ದರು. ಇದಕ್ಕೆ 'ಪೊಲ್ಯುದ್ಯೆ' ಎಂದು ಹೆಸರು. ಒಮ್ಮೆ ಎತ್ತಿದ ಕಪ್ಪವನ್ನು ಎರಡನೇ ಸಲ ಎತ್ತಲು ಹೋದದ್ದಕ್ಕೆ ದೊರೆ ಈಗೊರ್‌ನನ್ನು ದ್ರೆವ್ಲಿಯಾನರೆಂಬ ಸ್ಲಾವ್ ಬುಡಕಟ್ಟಿನವರು 945ರಲ್ಲಿ ಕೊಂದರು. ಅವನ ಹೆಂಡತಿ ಓಲ್ಗಾ ಭೀಕರವಾಗಿ ಸೇಡು ತೀರಿಸಿಕೊಂಡಳು; ಆದರೆ ಆಮೇಲೆ ಕಪ್ಪದ ಪ್ರಮಾಣವನ್ನೂ ಅದನ್ನು ತಂದು ಒಪ್ಪಿಸುವ ಠಾಣೆಗಳನ್ನೂ ಗೊತ್ತುಮಾಡಿದಳು. ಕೂಟ ರಾಜ್ಯವಾದದ್ದು ರುರಿಕ್ ಬಂದ ದಿನವಲ್ಲ, ಕಪ್ಪಕ್ಕೆ ಲೆಕ್ಕ ಬಂದ ದಿನ.

ವೋಲ್ಖೊವ್ ದಂಡೆ

ವೈದ್ಯಕೀಯ ಓದಲೆಂದು ವೆಲೀಕಿ ನವ್ಗೊರೊದ್‌ನಲ್ಲಿ ಆರು ವರ್ಷ ಇದ್ದವನಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಅಲ್ಲಿಯ ಕೋಟೆಯೊಳಗೆ, ಸಂತ ಸೋಫಿಯಾ ಚರ್ಚಿನ ಎದುರಿಗೆ, ದೊಡ್ಡ ಗಂಟೆಯ ಆಕಾರದ ಒಂದು ಕಂಚಿನ ಸ್ಮಾರಕವಿದೆ. 862ರಿಂದ ಲೆಕ್ಕ ಹಾಕಿ 'ರಷ್ಯಾದ ಸಾವಿರ ವರ್ಷ' ಎಂದು 1862ರಲ್ಲಿ ಎರಡನೆಯ ಅಲೆಕ್ಸಾಂಡರ್ ಅದನ್ನು ಅನಾವರಣಗೊಳಿಸಿದ. ಅದರಲ್ಲಿ ರುರಿಕ್ ಗುರಾಣಿ ಹಿಡಿದು ದಕ್ಷಿಣಕ್ಕೆ ಮುಖಮಾಡಿ ನಿಂತಿದ್ದಾನೆ. ನಾಜಿಗಳು ಅದನ್ನು ಬಿಚ್ಚಿ ಸಾಗಿಸಲು ಹೊರಟಿದ್ದರು; 1944ರಲ್ಲಿ ತುಂಡುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಲಾಯಿತು. ನನ್ನ ಜೊತೆ ಓದುತ್ತಿದ್ದ ಅಲ್ಲಿಯ ಗೆಳೆಯರಿಗೆ ರುರಿಕ್ ಎಂದರೆ ಮುಜುಗರವೂ ಇರಲಿಲ್ಲ, ವಿಶೇಷ ಅಭಿಮಾನವೂ ಇರಲಿಲ್ಲ. ನವ್ಗೊರೊದಿನವರು ಮಾಸ್ಕೋದವರಿಗಿಂತ ಹಳಬರೆಂದು ಹೇಳಿಕೊಳ್ಳಲು ಅವನು ಒದಗಿಬರುತ್ತಿದ್ದ, ಅಷ್ಟೆ.

ಆದರೆ ಅಲ್ಲಿಯ ವಿದ್ವತ್ ಲೋಕದಲ್ಲಿ ಈ ಜಗಳ ಕಹಿಯಾದದ್ದು. 1749ರಲ್ಲಿ ಜರ್ಮನ್ ಮೂಲದ ಇತಿಹಾಸಕಾರ ಗೆರ್ಹಾರ್ಡ್ ಮ್ಯುಲರ್, ರಷ್ಯನ್ ಜನ ಮತ್ತು ಹೆಸರಿನ ಮೂಲದ ಬಗ್ಗೆ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯಲ್ಲಿ ಓದಲು ಒಂದು ಭಾಷಣವನ್ನು ಸಿದ್ಧಪಡಿಸಿದ. ಅದರಲ್ಲಿ ಹಿಂದಿನ ಪಂಡಿತ ಬೇಯರ್‌ನನ್ನು ಅನುಸರಿಸಿ ವರ್ಯಾಗರು ಸ್ಕಾಂಡಿನೇವಿಯನ್ನರೆಂದು ವಾದಿಸಿದ್ದ. ಸ್ವೀಡನ್ನಿನ ಜೊತೆಗಿನ ಯುದ್ಧ ಮುಗಿದು ಸುಮಾರು ಆರು ವರ್ಷವಷ್ಟೇ ಆಗಿತ್ತು. ರಷ್ಯನ್ ವಿದ್ವಾಂಸ ಮಿಖಾಯಿಲ್ ಲೊಮೊನೊಸೊವ್ ಅದು ರಷ್ಯಾಕ್ಕೆ ಅವಮಾನವೆಂದು ಸಿಡಿದೆದ್ದ. ಭಾಷಣವನ್ನು ತಡೆಯಲಾಯಿತು, ಅಚ್ಚಾಗಿದ್ದ ಪ್ರತಿಗಳನ್ನು ನಾಶಮಾಡಲಾಯಿತು, ಮ್ಯುಲರ್‌ಗೆ ಸ್ವಲ್ಪ ಕಾಲ ಹಿಂಬಡ್ತಿಯಾಯಿತು. ಅಲ್ಲಿಂದ ಮುಂದೆ ಈ ವಿಷಯದಲ್ಲಿ 'ನಾರ್ಮನ್‌ವಾದಿ', 'ನಾರ್ಮನ್ ವಿರೋಧಿ' ಎಂಬ ಎರಡು ಪಾಳೆಯಗಳು, ಅಂದರೆ ರುಸ್ ಮೂಲ ಸ್ಕಾಂಡಿನೇವಿಯ ಎನ್ನುವವರು ಮತ್ತು ಅಲ್ಲವೆನ್ನುವವರು, ಹುಟ್ಟಿಕೊಂಡವು.

ಹಳೆ ನಕಾಶೆ

ವೋಲ್ಖೊವ್ ದಂಡೆಯವರು ಹೇಳಿದ್ದಕ್ಕೆ ಪೂರಕವಾಗಿ ಬರೆಯುತ್ತೇನೆ. ಈ ಜಗಳಕ್ಕೆ ವಿಷ ಬೆರೆತದ್ದು 20ನೇ ಶತಮಾನದಲ್ಲಿ. ಸ್ಲಾವರಿಗೆ ತಾವಾಗಿ ರಾಜ್ಯ ಕಟ್ಟುವ ಶಕ್ತಿಯಿಲ್ಲ, ಜರ್ಮ್ಯಾನಿಕ್ ರಕ್ತವೇ ಬಂದು ಕಟ್ಟಬೇಕಾಯಿತು ಎಂದು ನಾಜಿಗಳು ರುರಿಕ್‌ನ ಕಥೆಯನ್ನು ತಮ್ಮ ಆಕ್ರಮಣದ ಸಮರ್ಥನೆಗೆ ಎಳೆದುಕೊಂಡರು. ಅದಕ್ಕೆ ಎದುರಾಗಿ ಸೋವಿಯತ್ ಅಕಾಡೆಮಿಯಲ್ಲಿ ನಾರ್ಮನ್ ವಿರೋಧವೇ ಅಧಿಕೃತ ನಿಲುವಾಯಿತು. ಬೊರಿಸ್ ರಿಬಕೊವ್‌ರಂಥ ಪ್ರಭಾವಿ ಪುರಾತತ್ವಜ್ಞರು ರುಸ್ ಎಂಬ ಹೆಸರನ್ನು ಕೀವ್‌ನ ದಕ್ಷಿಣದಲ್ಲಿ ಹರಿಯುವ ರೋಸ್ ಎಂಬ ಸಣ್ಣ ಹೊಳೆಗೆ ಗಂಟುಹಾಕಿದರು. ಈ ನಡುವೆ 1965ರಲ್ಲಿ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಚರ್ಚೆಯೊಂದರಲ್ಲಿ ಲೆವ್ ಕ್ಲೈನ್ ಎಂಬ ಪುರಾತತ್ವಜ್ಞ, ಮಣ್ಣಿನಲ್ಲಿ ಸಿಕ್ಕದ್ದನ್ನು ಮಣ್ಣಿನಲ್ಲಿ ಸಿಕ್ಕದ್ದೆಂದು ಒಪ್ಪಿಕೊಳ್ಳುವುದಕ್ಕೂ ರಷ್ಯನ್ನರನ್ನು ಕೀಳುಗಳೆಯುವುದಕ್ಕೂ ಸಂಬಂಧವಿಲ್ಲವೆಂಬ ನಿಲುವನ್ನು ಎತ್ತಿಹಿಡಿದರು. ಅವರ ಶಿಷ್ಯರೇ ಮುಂದೆ ಲಾದೊಗಾ ಮೊದಲಾದ ನೆಲೆಗಳ ಅಧ್ಯಯನವನ್ನು ಮುಂದುವರಿಸಿದರು.

ಉಕ್ರೇನಿನವರೂ ಈ ವಾದದ ಹೊರಗಿಲ್ಲ. ಅವರ ಹಿರಿಯ ಇತಿಹಾಸಕಾರ ಮಿಖಾಯಿಲೊ ಹ್ರುಶೆವ್ಸ್ಕಿ ನಾರ್ಮನ್ ವಿರೋಧಿಯಾಗಿದ್ದರು, ಆದರೆ ಕಾರಣ ಬೇರೆ: ಕೀವ್‌ನ ರುಸ್ ಮಾಸ್ಕೋದ ಪೂರ್ವಾರ್ಧವಲ್ಲ, ಉಕ್ರೇನಿನ ಸ್ವಂತ ಇತಿಹಾಸ ಎಂಬುದು ಅವರ ವಾದವಾಗಿತ್ತು. ಇಂದು ಉಕ್ರೇನಿನ ಲಾಂಛನವಾಗಿರುವ ತ್ರಿಶೂಲವು ಕೀವ್ ಆಳಿದ ವ್ಲಾದಿಮಿರ್ ದೊರೆಯ ನಾಣ್ಯಗಳ ಮೇಲಿನ ಗುರುತು. ಆ ದೇಶದ ಒಂದು ಮತ್ತು ಎರಡು ಹ್ರಿವ್ನಿಯಾ ನೋಟುಗಳ ಮೇಲಿದ್ದವರು ವ್ಲಾದಿಮಿರ್ ಮತ್ತು ಅವನ ಮಗ ಯಾರೊಸ್ಲಾವ್. ಅದೇ ವ್ಲಾದಿಮಿರ್‌ನ ಭಾರಿ ಪ್ರತಿಮೆಯನ್ನು 2016ರಲ್ಲಿ ಕ್ರೆಮ್ಲಿನ್ನಿನ ಪಕ್ಕದಲ್ಲಿ ನಿಲ್ಲಿಸಲಾಯಿತು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಪತ್ರಕರ್ತನೊಬ್ಬ ಉಕ್ರೇನ್ ಯುದ್ಧದ ಬಗ್ಗೆ ಕೇಳಿದ ಪ್ರಶ್ನೆಗೆ ಪುಟಿನ್ ಉತ್ತರ ಆರಂಭಿಸಿದ್ದು 862ರಿಂದ, ರುರಿಕ್‌ನಿಂದ. ಲೊಮೊನೊಸೊವ್‌ಗೆ ಅವಮಾನವೆನಿಸಿದ್ದು ಇಂದಿನ ಕ್ರೆಮ್ಲಿನ್ನಿಗೆ ಆಸ್ತಿಪತ್ರದ ಮೊದಲ ಪುಟವಾಗಿದೆ. ಸತ್ತು ಸಾವಿರ ವರ್ಷಗಳಾದ ದೊರೆಗೆ ವಾರಸುದಾರರು ಇಷ್ಟು ಮಂದಿ ಇರುವುದು ಅವನ ಪುಣ್ಯವೋ ಪಾಪವೋ ತಿಳಿಯದು.

ತುಂಗಾತೀರ

ಚರ್ಚೆ ನಾನು ನಿರೀಕ್ಷಿಸಿದ್ದಕ್ಕಿಂತ ಆಳಕ್ಕೆ ಹೋಗಿದೆ. ಆದರೆ ಸಂಶಯಜೀವಿಯವರ ಎರಡು ಪ್ರಶ್ನೆಗಳು, ಅಂದರೆ ಸಾಲಪದಗಳ ಕೊರತೆ ಮತ್ತು ಪೆರುನ್‌ನ ಆಣೆ, ಇನ್ನೂ ಉತ್ತರವಿಲ್ಲದೆ ಉಳಿದಿವೆ.

ಅಕ್ಷರಪ್ರೇಮಿ

ಅವೆರಡಕ್ಕೂ ಒಂದೇ ಉತ್ತರವಿದೆ, ಮತ್ತು ಅದನ್ನು ಹೆಸರುಗಳೇ ಹೇಳುತ್ತವೆ. 911ರಲ್ಲಿ ಗ್ರೀಕರೊಡನೆ ಮಾಡಿಕೊಂಡ ಒಪ್ಪಂದದ ಆರಂಭದಲ್ಲಿ 'ರುಸ್ ಕುಲದವರಾದ ನಾವು' ಎಂದು ಹೇಳಿಕೊಳ್ಳುವ ದೂತರ ಹೆಸರುಗಳು ಕಾರ್ಲ್, ಇನೆಗೆಲ್ದ್, ಫಾರ್ಲೊಫ್, ವೆರೆಮುದ್, ರುಲಾವ್ ಎಂದಿವೆ. ಸ್ಲಾವ್ ಹೆಸರು ಒಂದನ್ನೂ ಖಚಿತವಾಗಿ ತೋರಿಸಲಾಗದು. 944ರ ಒಪ್ಪಂದದಲ್ಲಿ ದೂತರು ಬಹುಪಾಲು ನಾರ್ಸ್ ಹೆಸರಿನವರೇ ಆಗಿದ್ದರೂ, ಅವರನ್ನು ಕಳುಹಿಸಿದ ದೊಡ್ಡವರ ನಡುವೆ ಸ್ವಿಯಾತೊಸ್ಲಾವ್, ವೊಲೊದಿಸ್ಲಾವ್, ಪ್ರೆದ್‌ಸ್ಲಾವಾ ಎಂಬ ಸ್ಲಾವ್ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಆಳುವ ಮನೆಯಲ್ಲೂ ಹಾಗೆಯೇ: ಓಲೆಗ್ ಎಂದರೆ ಹೆಲ್ಗಿ, ಓಲ್ಗಾ ಎಂದರೆ ಹೆಲ್ಗಾ, ಈಗೊರ್ ಎಂದರೆ ಇಂಗ್ವಾರ್, ಆದರೆ ಈಗೊರ್ ಮತ್ತು ಓಲ್ಗಾ ದಂಪತಿಯ ಮಗ ಸ್ವಿಯಾತೊಸ್ಲಾವ್, ಅವನ ಮಗ ವ್ಲಾದಿಮಿರ್. ಹೆತ್ತವರು ಮಗುವಿಗೆ ಇಡುವ ಹೆಸರು ಆ ಮನೆಯ ಅಂಗಳದಲ್ಲಿ ಯಾವ ಮಾತು ಓಡಾಡುತ್ತಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ. ಪೆರುನ್‌ನ ಮೇಲೆ ಆಣೆಯಿಟ್ಟವರು ಸ್ಲಾವ್ ದಾದಿಯರ ಕೈಯಲ್ಲಿ ಬೆಳೆದ, ಸ್ಲಾವ್ ಹೆಂಡತಿಯರ ಜೊತೆ ಬಾಳಿದ ನಾರ್ಸ್ ಹೆಸರಿನ ಜನರೆಂದು ತಿಳಿದರೆ ವಿರೋಧಾಭಾಸವೇನೂ ಉಳಿಯುವುದಿಲ್ಲ. ಗುಡುಗಿನ ದೇವರಾದ ಥೋರ್‌ನನ್ನು ಬಲ್ಲವನಿಗೆ ಗುಡುಗಿನ ದೇವರಾದ ಪೆರುನ್ ಅಪರಿಚಿತನಾಗಿಯೂ ಇರಲಾರ.

ಇಂಗ್ಲೆಂಡಿನ ಹೋಲಿಕೆಯೂ ಇಲ್ಲಿ ಹೊಂದುವುದಿಲ್ಲ. ಅಲ್ಲಿ ಗೆದ್ದವರಿಗೆ ಬರಹವಿತ್ತು, ಚರ್ಚ್ ಇತ್ತು, ನ್ಯಾಯಾಲಯದ ಭಾಷೆಯಿತ್ತು. ರುಸ್ ಜನರಿಗೆ ಬರಹವು 988ರ ಕ್ರೈಸ್ತ ದೀಕ್ಷೆಯ ಜೊತೆಗೆ ಸ್ಲಾವ್ ಭಾಷೆಯ ಉಡುಗೆಯಲ್ಲೇ ಬಂದದ್ದರಿಂದ, ಆಳುವವರ ಹಳೆಯ ಮಾತಿಗೆ ಕಾಗದದ ಮೇಲೆ ನೆಲೆಯೇ ಸಿಗಲಿಲ್ಲ. ನವ್ಗೊರೊದಿನ ಮಣ್ಣಿನಲ್ಲಿ 1951ರಿಂದ ಈಚೆಗೆ ಸಿಕ್ಕಿರುವ ಸಾವಿರಕ್ಕೂ ಮಿಕ್ಕ ಬರ್ಚ್ ತೊಗಟೆಯ ಪತ್ರಗಳಲ್ಲಿ ಸಾಲ, ಜಗಳ, ಮದುವೆ, ಮೀನು ಎಲ್ಲವೂ ಇವೆ. ಅವು ಬಹುತೇಕ ಎಲ್ಲವೂ ಸ್ಲಾವ್ ಭಾಷೆಯವು. ಹಾಗೆಂದು ನಂಟು ಕಡಿಯಲಿಲ್ಲ. ಯಾರೊಸ್ಲಾವ್ ಸ್ವೀಡನ್ನಿನ ರಾಜಕುಮಾರಿ ಇಂಗೆಗೆರ್ಡ್‌ಳನ್ನು ಮದುವೆಯಾದ. ಅವರ ಮಗಳು ಎಲಿಜಬೆತ್ ನಾರ್ವೆಯ ಹರಾಲ್ಡ್‌ನನ್ನು ವರಿಸಿದಳು. ಆದರೆ ಆ ಹೊತ್ತಿಗೆ ಕೀವ್‌ಗೆ ಸ್ವೀಡನ್ ಬೀಗರ ಊರಾಗಿತ್ತು, ತವರಾಗಿರಲಿಲ್ಲ.

ಹೆಸರು ಒಬ್ಬರದು, ಭಾಷೆ ಇನ್ನೊಬ್ಬರದು ಎಂಬುದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ. ಜರ್ಮ್ಯಾನಿಕ್ ಫ್ರಾಂಕರ ಹೆಸರನ್ನು ಫ್ರೆಂಚರು ಹೊತ್ತಿದ್ದಾರೆ. ತುರ್ಕಿ ಮೂಲದ ಬುಲ್ಗಾರರ ಹೆಸರನ್ನು ಸ್ಲಾವ್ ಭಾಷೆಯಾಡುವ ಬಲ್ಗೇರಿಯನ್ನರು ಹೊತ್ತಿದ್ದಾರೆ.

ಸಂಶಯಜೀವಿ

ಹೆಸರುಗಳ ವಾದವನ್ನು ಒಪ್ಪುತ್ತೇನೆ. ರುರಿಕ್ ಎಂಬ ವ್ಯಕ್ತಿಯನ್ನು ಮಾತ್ರ ಇನ್ನೂ ಒಪ್ಪಿಲ್ಲ. ಅವನ ಕಾಲದ ಒಂದೇ ಒಂದು ದಾಖಲೆ ಆ ನೆಲದಲ್ಲಿ ಅವನನ್ನು ಹೆಸರಿಸುವುದಿಲ್ಲ. ಈಗೊರ್‌ನಿಂದ ಈಚೆಗೆ ನೆಲ ಗಟ್ಟಿಯಾಗಿದೆ, ಅದರ ಹಿಂದೆ ಮಂಜು.

ವೋಲ್ಖೊವ್ ದಂಡೆ

ಅಕ್ಷರಪ್ರೇಮಿಯವರೇ, ಆ ಡ್ನೀಪರ್ ಧುಮ್ಮಿಕ್ಕುವ ಜಾಗಗಳನ್ನು ಇಂದು ಹೋಗಿ ನೋಡಬಹುದೇ?

ಅಕ್ಷರಪ್ರೇಮಿ

ಇಲ್ಲ. ಝಪೊರಿಝಿಯಾದ ಜಲವಿದ್ಯುತ್ ಅಣೆಕಟ್ಟು 1932ರಲ್ಲಿ ಮುಗಿದಾಗ ಅವೆಲ್ಲವೂ ಜಲಾಶಯದ ಅಡಿಗೆ ಹೋದವು. ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ, 1928ರಲ್ಲಿ, ನದಿಯ ತಳದಿಂದ 10ನೇ ಶತಮಾನದ ಐದು ಕತ್ತಿಗಳು ಮೇಲೆ ಬಂದಿದ್ದವು. ಸ್ವಿಯಾತೊಸ್ಲಾವ್ 972ರಲ್ಲಿ ಪೆಚೆನೆಗ್ ಅಲೆಮಾರಿಗಳ ಕೈಯಲ್ಲಿ ಸತ್ತದ್ದು ಆ ಬಂಡೆಗಳ ನಡುವೆಯೇ ಆದ್ದರಿಂದ, ಅವು ಅವನ ಸಂಗಡಿಗರವೇ ಇರಬೇಕೆಂದು ಕೆಲವರು ಆಸೆಪಟ್ಟರು. ಹೌದೆನ್ನಲೂ ಅಲ್ಲವೆನ್ನಲೂ ಆಗದಂತೆ ಕತ್ತಿಗಳು ಯುದ್ಧಕಾಲದಲ್ಲಿ ಕಳೆದುಹೋದವು. ಕಾನ್‌ಸ್ಟಾಂಟೈನ್‌ನ ಪಟ್ಟಿಯಲ್ಲಿ 'ಐಫೊರ್' ಎಂದಿರುವ, ಎಲ್ಲಕ್ಕಿಂತ ಅಪಾಯಕರವಾದ ಜಾಗದ ಹೆಸರು ಮಾತ್ರ ಕಲ್ಲಿನ ಮೇಲೆ ಉಳಿದಿದೆ. ಅದು ಸಿಕ್ಕಿದ್ದು ಉಕ್ರೇನಿನಲ್ಲಲ್ಲ, ಗೊಟ್ಲ್ಯಾಂಡಿನ ಪಿಲ್ಗೋರ್ಡ್ಸ್ ಎಂಬಲ್ಲಿ. ರಾವ್ನ್ ಎಂಬ ಸಹೋದರನ ನೆನಪಿಗೆ ಅಣ್ಣತಮ್ಮಂದಿರು ನೆಟ್ಟ ಆ ರೂನ್ ಕಲ್ಲಿನಲ್ಲಿ, ತಾವು ಐಫುರ್‌ನವರೆಗೂ ಹೋಗಿದ್ದೆವೆಂದು ಕೆತ್ತಿಸಿದ್ದಾರೆ.